ಬಾಗಿಲಲ್ಲಿ ಎಫ್‌ಬಿಐ: ಅಮೆರಿಕದ ಫೆಡರಲ್ ಕೇಸಿಗೆ ವಕೀಲರನ್ನು ಹಿಡಿಯುವುದು ಹೇಗೆ?

ಮನೆಗೆ ಬಂದವರನ್ನು ಒಳಗೆ ಕರೆದು ಕೂರಿಸಿ, ನೀರೋ ಕಾಫಿಯೋ ಕೊಟ್ಟು ಮಾತಾಡಿಸುವುದು ನಮ್ಮ ರೂಢಿ. ಬಂದವರು ಅಧಿಕಾರಿಗಳಾದರಂತೂ ಮರ್ಯಾದೆ ಇನ್ನೊಂದು ತೂಕ ಹೆಚ್ಚು. ಅಮೆರಿಕದಲ್ಲಿ ಬೆಳ್ಳಂಬೆಳಗ್ಗೆ ಬಾಗಿಲು ತಟ್ಟಿ, ಬ್ಯಾಡ್ಜ್ ತೋರಿಸಿ, ಒಂದು ಹತ್ತು ನಿಮಿಷ ಮಾತಾಡಬಹುದೇ ಎಂದು ನಗುನಗುತ್ತಾ ಕೇಳುವ ಇಬ್ಬರ ವಿಷಯದಲ್ಲಿ ಮಾತ್ರ ಈ ರೂಢಿ ಬಹಳ ದುಬಾರಿಯಾಗಬಹುದು.

ಇಬ್ಬರೇ ಏಕೆ ಬರುತ್ತಾರೆಂದರೆ ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬಂಧಿಸದೆ ಮನೆಯಲ್ಲೋ ಆಫೀಸಿನಲ್ಲೋ ನಡೆಸುವ ಇಂಥ ಮಾತುಕತೆಯನ್ನು ಸಾಮಾನ್ಯವಾಗಿ ರೆಕಾರ್ಡ್ ಮಾಡುವುದಿಲ್ಲ. ಹಿಂತಿರುಗಿದ ಮೇಲೆ ಟಿಪ್ಪಣಿ ನೋಡಿಕೊಂಡು ಅವರು ಬರೆಯುವ ವರದಿಯೇ ನೀವು ಏನು ಹೇಳಿದಿರಿ ಎಂಬುದಕ್ಕೆ ದಾಖಲೆ. ಫೆಡರಲ್ ಅಧಿಕಾರಿಗೆ ಮುಖ್ಯವಾದ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳುವುದು ಅಲ್ಲಿ ಪ್ರತ್ಯೇಕ ಅಪರಾಧ. ಅದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಪ್ರಮಾಣ ಮಾಡಿಸಿರಬೇಕಿಲ್ಲ, ಕೋರ್ಟಿನಲ್ಲಿ ನಿಂತಿರಬೇಕಿಲ್ಲ. ಗಾಬರಿಯಲ್ಲಿ ‘ಆ ಕಂಪನಿ ಹೆಸರೇ ಕೇಳಿಲ್ಲ ಸರ್’ ಎಂದ ಒಂದು ಮಾತು ಸಾಕು. ಅದೇ ಅಧಿಕಾರಿ ನಿಮ್ಮ ಬಾಯಿ ಬಿಡಿಸಲು ಇಲ್ಲದ್ದನ್ನು ಇದೆ ಎಂದು ಹೇಳಿದರೆ ಅದು ತಪ್ಪಲ್ಲ.

ಟಿವಿ ಕಾರ್ಯಕ್ರಮಗಳಿಂದ ಮನೆಮಾತಾಗಿದ್ದ ಉದ್ಯಮಿ ಮಾರ್ಥಾ ಸ್ಟೀವರ್ಟ್ 2004ರಲ್ಲಿ ಐದು ತಿಂಗಳು ಜೈಲಿಗೆ ಹೋದದ್ದು ಷೇರು ವಂಚನೆಗಾಗಿ ಅಲ್ಲ. ಷೇರು ವಂಚನೆಯ ಆರೋಪವನ್ನು ನ್ಯಾಯಾಧೀಶರೇ ತಳ್ಳಿಹಾಕಿದ್ದರು. ತನಿಖಾಧಿಕಾರಿಗಳಿಗೆ ಹೇಳಿದ ಸುಳ್ಳು, ತನಿಖೆಗೆ ಒಡ್ಡಿದ ಅಡ್ಡಿ ಮತ್ತು ಅದಕ್ಕಾಗಿ ನಡೆಸಿದ ಸಂಚು ಆಕೆಯನ್ನು ಒಳಗೆ ಕಳಿಸಿದವು. ಆ ಮಾತುಕತೆ ನಡೆದಾಗ ಪಕ್ಕದಲ್ಲಿ ವಕೀಲರೂ ಕೂತಿದ್ದರು. ವಕೀಲರು ಪಕ್ಕದಲ್ಲಿ ಕೂರುವುದಷ್ಟೇ ರಕ್ಷಣೆಯಲ್ಲ. ಮಾತಾಡಬೇಕೇ, ಬೇಡವೇ, ಮಾತಾಡುವುದಾದರೆ ಯಾವಾಗ ಎಂದು ತೀರ್ಮಾನಿಸಿಕೊಡುವುದು ಅವರ ಮೊದಲ ಕೆಲಸ. ನನ್ನ ದೃಷ್ಟಿಯಲ್ಲಿ ಫೆಡರಲ್ ಕೇಸಿನಲ್ಲಿ ವಕೀಲರ ಅತ್ಯಂತ ಬೆಲೆಬಾಳುವ ಕೆಲಸವೆಲ್ಲ ಕೋರ್ಟಿನ ವಾದಕ್ಕೆ ಮುಂಚೆಯೇ ನಡೆಯುತ್ತದೆ. ಆದ್ದರಿಂದ ಯಾರನ್ನು ಹಿಡಿಯುವುದು ಎಂಬಷ್ಟೇ ಯಾವಾಗ ಹಿಡಿಯುವುದು ಎಂಬುದೂ ಮುಖ್ಯ.

ಬಾಗಿಲಲ್ಲಿ ನಿಂತವರಿಗೆ ಹೇಳಬೇಕಾದ್ದು ಇಷ್ಟೇ: ‘ನಾನು ವಕೀಲರ ಮೂಲಕ ಮಾತಾಡುತ್ತೇನೆ, ನಿಮ್ಮ ಕಾರ್ಡ್ ಕೊಡಿ.’ ಆ ಹೊತ್ತಿಗೆ ನಿಮಗೆ ವಕೀಲರೇ ಇಲ್ಲದಿದ್ದರೂ ಈ ಮಾತು ಸಲ್ಲುತ್ತದೆ. ಸುಮ್ಮನೆ ಬಾಯಿ ಮುಚ್ಚಿಕೊಂಡಿರುವುದು ಸಾಲದು, ಬಾಯಿಬಿಟ್ಟು ಸ್ಪಷ್ಟವಾಗಿ ಹೇಳಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2010 ಮತ್ತು 2013ರ ತೀರ್ಪುಗಳಲ್ಲಿ ಹೇಳಿದೆ. ಶೋಧನಾ ವಾರಂಟ್ ತಂದಿದ್ದರೆ ಅಡ್ಡ ನಿಲ್ಲಬೇಡಿ, ಪ್ರತಿ ಪಡೆದುಕೊಳ್ಳಿ. ಶೋಧಕ್ಕೆ ಅವರಿಗೆ ಅಧಿಕಾರವಿದೆ. ಪ್ರಶ್ನೆಗೆ ಉತ್ತರ ಕೊಡಲೇಬೇಕೆಂಬ ಬಾಧ್ಯತೆ ನಿಮಗಿಲ್ಲ. ಅವರು ಹೋದ ಮೇಲೆ ಫೋನಿನಲ್ಲಿರುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಲು ಕೂರಬೇಡಿ. ತನಿಖೆ ತಪ್ಪಿಸಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆ ವಿಧಿಸುವ ಕಾನೂನಿದೆ. ಎಷ್ಟೋ ಸಲ ಮೂಲ ಆರೋಪಕ್ಕಿಂತ ಇದೇ ಭಾರವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ವಾಟ್ಸ್‌ಆ್ಯಪ್ ಕರೆ ಮಾಡಿ, ಎಫ್‌ಬಿಐ ಎಂದು ಹೆದರಿಸಿ, ಗಿಫ್ಟ್ ಕಾರ್ಡೋ ಕ್ರಿಪ್ಟೋವೋ ಕಳಿಸಿದರೆ ಕೇಸು ಮುಗಿಸುತ್ತೇವೆ ಎನ್ನುವವರು ಬೆಂಗಳೂರಿನಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವವರ ಅಣ್ಣತಮ್ಮಂದಿರು. ನಿಜವಾದ ಫೆಡರಲ್ ಅಧಿಕಾರಿ ಫೋನಿನಲ್ಲಿ ಹಣ ಕೇಳುವುದಿಲ್ಲ.

ಎರಡು ಕೋರ್ಟು, ಎರಡು ಬಗೆಯ ವಕೀಲಿಕೆ

ನಮ್ಮಲ್ಲಿ ಸಿಬಿಐ ಹಾಕಿದ ಕೇಸೂ ಠಾಣೆಯ ಕೇಸೂ ಕೊನೆಗೆ ಸೇರುವುದು ಒಂದೇ ನ್ಯಾಯಾಂಗ ವ್ಯವಸ್ಥೆಗೆ. ಅಮೆರಿಕದಲ್ಲಿ ಹಾಗಲ್ಲ. ಸ್ಯಾನ್ ಹೊಸೆ ನಗರದಲ್ಲಿ ಕೌಂಟಿಯ ಸುಪೀರಿಯರ್ ಕೋರ್ಟೂ ಇದೆ, ಫೆಡರಲ್ ಜಿಲ್ಲಾ ಕೋರ್ಟೂ ಇದೆ. ಕುಡಿದು ಕಾರು ಓಡಿಸಿದ್ದು, ಗಂಡಹೆಂಡಿರ ಹೊಡೆದಾಟ, ಅಂಗಡಿ ಕಳವು ಮೊದಲನೆಯದಕ್ಕೆ. ವೀಸಾ ಅರ್ಜಿಯಲ್ಲಿ ಸುಳ್ಳು, ಇಮೇಲ್ ಅಥವಾ ಬ್ಯಾಂಕ್ ವರ್ಗಾವಣೆ ಬಳಸಿ ಮಾಡಿದ ವಂಚನೆ, ಷೇರುಪೇಟೆಯ ಒಳಸುದ್ದಿ ವ್ಯವಹಾರ, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಬಿಲ್ಲಿನ ಮೋಸ, ಕಂಪನಿಯ ವ್ಯಾಪಾರ ರಹಸ್ಯದ ಕಳವು ಎರಡನೆಯದಕ್ಕೆ. ಹಾರುತ್ತಿರುವ ವಿಮಾನದಲ್ಲಿ ಪಕ್ಕದ ಸೀಟಿನವರ ಮೇಲೆ ಕೈ ಮಾಡಿದರೂ ಅದು ಫೆಡರಲ್ ಅಪರಾಧವೇ. ಕಾಗದದ ಮೇಲೆ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ ವಿರುದ್ಧ ಇಂಥವರು’ ಎಂದಿದ್ದರೆ ನೀವು ಎರಡನೆಯ ಕಟ್ಟಡದಲ್ಲಿದ್ದೀರಿ ಎಂದರ್ಥ.

ಈ ಕಟ್ಟಡಗಳ ಕಾಯಿದೆ ಬೇರೆ, ಕಾರ್ಯವಿಧಾನ ಬೇರೆ. ದೇಶದಲ್ಲಿ 94 ಫೆಡರಲ್ ಜಿಲ್ಲೆಗಳಿದ್ದು, ಪ್ರತಿ ಜಿಲ್ಲೆಗೂ ಅದರದೇ ನಿಯಮಗಳು, ನಡಾವಳಿಗಳಿವೆ. ಹತ್ತು ವರ್ಷದಿಂದ ಕೌಂಟಿ ಕೋರ್ಟಿನಲ್ಲಿ ದಿನಕ್ಕೆ ಮೂರು ಕೇಸು ಮುಗಿಸಿ ಹೆಸರು ಮಾಡಿದ ವಕೀಲರು ಇಲ್ಲಿ ಹೊಸಬರಾಗಿರಬಹುದು. ಕನ್ನಡ ಸಂಘದ ಯುಗಾದಿ ಸಮಾರಂಭಕ್ಕೆ ಪ್ರಾಯೋಜಕರಾದವರು, ಗೆಳೆಯನಿಗೆ ಗ್ರೀನ್ ಕಾರ್ಡ್ ಮಾಡಿಸಿಕೊಟ್ಟವರು, ಮನೆ ಖರೀದಿಯ ಕಾಗದ ನೋಡಿದವರು ಒಳ್ಳೆಯವರೇ ಇರಬಹುದು. ಆದರೆ ಈ ಕೆಲಸಕ್ಕೆ ಅವರಲ್ಲ. ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಸಂಕಟದಲ್ಲಿ ಪರಿಚಿತ ಮುಖ ಬೇಕೆನ್ನಿಸುತ್ತದೆ, ಫೆಡರಲ್ ಕೋರ್ಟಿಗೆ ಬೇಕಾದ್ದು ಆ ಕಟ್ಟಡಕ್ಕೆ ಪರಿಚಿತವಾದ ಮುಖ.

ಇನ್ನೊಂದು ವ್ಯತ್ಯಾಸ ಊರಿನಲ್ಲಿರುವ ತಂದೆತಾಯಂದಿರಿಗೆ ಅರ್ಥವಾಗಬೇಕು. ನಿರೀಕ್ಷಣಾ ಜಾಮೀನು ಎಂಬುದು ಅಲ್ಲಿಲ್ಲ. ಬಂಧನಕ್ಕೆ ಮುಂಚೆಯೇ ವಕೀಲರಿದ್ದರೆ ಅವರು ಮಾಡಿಕೊಡಬಹುದಾದ್ದು ಬೇರೆ: ಪ್ರಾಸಿಕ್ಯೂಟರ್ ಜೊತೆ ಮಾತಾಡಿ, ಮಕ್ಕಳ ಮುಂದೆ ಕೈಕೋಳ ಬೀಳದಂತೆ, ಗೊತ್ತಾದ ದಿನ ನೀವೇ ಕೋರ್ಟಿಗೆ ಹಾಜರಾಗುವ ಏರ್ಪಾಡು. ಹೀಗೆ ತಾನಾಗಿ ಬಂದದ್ದು ಮುಂದೆ ಜಾಮೀನಿನ ವಾದದಲ್ಲಿ ನೆರವಿಗೆ ಬರುತ್ತದೆ.

ಆರೋಪಪಟ್ಟಿಗೆ ಮುಂಚಿನ ಕಾಲ

ಫೆಡರಲ್ ತನಿಖೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಬಹುತೇಕ ಅಪರಾಧಗಳಿಗೆ ಕಾಲಮಿತಿ ಐದು ವರ್ಷ, ಬ್ಯಾಂಕ್ ವಂಚನೆಗೆ ಹತ್ತು. ಸುಳಿವು ಸಿಗುವುದು ದಾಖಲೆ ಕೊಡಿ ಅಥವಾ ಸಾಕ್ಷಿ ಹೇಳಿ ಎಂದು ಆದೇಶಿಸುವ ಒಂದು ಸಬ್‌ಪೀನಾದಿಂದ, ಅಧಿಕಾರಿಗಳ ಭೇಟಿಯಿಂದ, ಇಲ್ಲವೇ ‘ಟಾರ್ಗೆಟ್ ಲೆಟರ್’ ಎಂದು ಕರೆಯುವ ಪತ್ರದಿಂದ. ತನಿಖೆಯಲ್ಲಿ ನೀವು ಮೂರರಲ್ಲಿ ಒಂದು ಸ್ಥಾನದಲ್ಲಿರುತ್ತೀರಿ: ಬರೀ ಸಾಕ್ಷಿ, ತನಿಖೆಯ ವ್ಯಾಪ್ತಿಯೊಳಗೆ ಬಂದವರು, ಅಥವಾ ಸರ್ಕಾರ ಗುರಿಯಿಟ್ಟವರು. ಇದನ್ನು ಪ್ರಾಸಿಕ್ಯೂಟರ್‌ಗೆ ಫೋನ್ ಮಾಡಿ ಕೇಳಿ ತಿಳಿಯುವುದು ವಕೀಲರ ಮೊದಲ ದಿನದ ಕೆಲಸ. ನೀವೇ ಫೋನ್ ಮಾಡಿದರೆ ಅದೂ ಒಂದು ಹೇಳಿಕೆಯಾಗಿ ದಾಖಲಾಗುತ್ತದೆ.

ಗಂಭೀರ ಅಪರಾಧದ ಆರೋಪಪಟ್ಟಿಯನ್ನು ಗ್ರ್ಯಾಂಡ್ ಜ್ಯೂರಿ ಹೊರಡಿಸಬೇಕು. ಅದರಲ್ಲಿ 16ರಿಂದ 23 ನಾಗರಿಕರಿರುತ್ತಾರೆ, 12 ಮಂದಿ ಒಪ್ಪಿದರೆ ಆಯಿತು. ಆ ಕೋಣೆಯೊಳಗೆ ನ್ಯಾಯಾಧೀಶರಿರುವುದಿಲ್ಲ, ಸಾಕ್ಷಿಯ ವಕೀಲರಿಗೂ ಪ್ರವೇಶವಿಲ್ಲ. ವಕೀಲರು ಬಾಗಿಲ ಹೊರಗೆ ಕೂತಿರುತ್ತಾರೆ, ಸಾಕ್ಷಿ ಎದ್ದು ಬಂದು ಸಲಹೆ ಕೇಳಬಹುದು. ಒಬ್ಬರ ಮಾತೇ ಕೇಳಿಸುವ ಈ ಕೋಣೆಯಿಂದ ಆರೋಪಪಟ್ಟಿ ಹೊರಬಿದ್ದ ಮೇಲೆ ಅದನ್ನು ಹಿಂತೆಗೆಸುವುದು ಬಹಳ ಕಷ್ಟ. ಅದಕ್ಕೆ ಮುಂಚೆ ಪ್ರಾಸಿಕ್ಯೂಟರ್ ಮುಂದೆ ಕಾಗದಪತ್ರ ಇಟ್ಟು, ಇದು ಲೆಕ್ಕದ ಗೊಂದಲ, ವಂಚನೆಯ ಉದ್ದೇಶವಿರಲಿಲ್ಲ ಎಂದು ಮನವರಿಕೆ ಮಾಡಿಕೊಡಲು ದಾರಿ ಇರುತ್ತದೆ. ಒಳ್ಳೆಯ ವಕೀಲರ ದೊಡ್ಡ ಗೆಲುವುಗಳು ಹೀಗೆ ಸುದ್ದಿಯೇ ಆಗದೆ ಮುಗಿದುಹೋಗುತ್ತವೆ.

ಈ ಹಂತದಲ್ಲೇ ಇನ್ನೊಂದು ಬಲೆಯಿದೆ. ಕಂಪನಿಯ ಮೇಲೆ ತನಿಖೆ ಬಂದಾಗ ಎಚ್‌ಆರ್‌ನವರು ಕರೆದು, ನಮ್ಮ ವಕೀಲರು ನಿಮ್ಮ ಜೊತೆ ಮಾತಾಡಬೇಕಂತೆ ಎನ್ನುತ್ತಾರೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸದ ಭಯಕ್ಕೆ ಎಲ್ಲವನ್ನೂ ಹೇಳಿಬಿಡುತ್ತಾರೆ. ಆ ವಕೀಲರು ಕಂಪನಿಯ ವಕೀಲರು, ನಿಮ್ಮವರಲ್ಲ. ನೀವು ಹೇಳಿದ್ದರ ಗೋಪ್ಯತೆ ಕಂಪನಿಗೆ ಸೇರಿದ್ದು. ಅದಕ್ಕೆ ಅನುಕೂಲವೆನ್ನಿಸಿದರೆ ಆ ಮಾತುಗಳನ್ನು ಸರ್ಕಾರದ ಕೈಗೆ ಕೊಡಬಹುದು. 1981ರ ಅಪ್‌ಜಾನ್ ತೀರ್ಪಿನ ನಂತರ ಕಂಪನಿ ವಕೀಲರು ಮಾತು ಶುರುಮಾಡುವ ಮುನ್ನ ಇದನ್ನು ತಿಳಿಸುವುದು ರೂಢಿಯಾಗಿದೆ. ಆದರೆ ಒಂದೇ ಉಸಿರಿನಲ್ಲಿ ಓದಿ ಮುಗಿಸುವ ಆ ನಾಲ್ಕು ಸಾಲುಗಳನ್ನು ಗಮನವಿಟ್ಟು ಕೇಳುವವರು ಕಡಿಮೆ. ಅಲ್ಲೇ ನಿಲ್ಲಿಸಿ, ನನಗೆ ಬೇರೆ ವಕೀಲರು ಬೇಕು ಎನ್ನಬಹುದು. ಎಷ್ಟೋ ಕಂಪನಿಗಳು ಆ ಪ್ರತ್ಯೇಕ ವಕೀಲರ ಖರ್ಚನ್ನೂ ಭರಿಸುತ್ತವೆ, ಕೇಳಿ ನೋಡಿ.

ಆಯ್ಕೆ

ಮೊದಲು ಅಂಕಿ ನೋಡಿ. 2022ರ ಆರ್ಥಿಕ ವರ್ಷದಲ್ಲಿ ಇತ್ಯರ್ಥವಾದ ಸುಮಾರು 72 ಸಾವಿರ ಫೆಡರಲ್ ಆರೋಪಿಗಳಲ್ಲಿ ಶೇಕಡಾ 90ರಷ್ಟು ಮಂದಿ ತಪ್ಪೊಪ್ಪಿಕೊಂಡರು. ಸುಮಾರು ಶೇಕಡಾ 8ರಷ್ಟು ಜನರ ಕೇಸುಗಳು ವಜಾ ಆದವು. ಪೂರ್ಣ ವಿಚಾರಣೆಗೆ ಹೋದವರು ಶೇಕಡಾ 2.3. ವಿಚಾರಣೆ ಎದುರಿಸಿ ಖುಲಾಸೆಯಾದವರು 290 ಮಂದಿ. ಸಿನಿಮಾದಲ್ಲಿ ನೋಡುವ, ಮೇಜು ಕುಟ್ಟಿ ವಾದ ಮಾಡುವ ವಕೀಲರನ್ನು ಹುಡುಕುವವರು ಈ ಸಂಖ್ಯೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ನಿಮಗೆ ಬೇಕಾಗಿರುವುದು ಸಾವಿರಾರು ಪುಟ ಓದುವ ತಾಳ್ಮೆ, ಶಿಕ್ಷೆಯ ಲೆಕ್ಕದ ಮೇಲೆ ಹಿಡಿತ ಮತ್ತು ಚೌಕಾಸಿಗೆ ಬೇಕಾದ ವಿಶ್ವಾಸಾರ್ಹತೆ. ಹಾಗೆಂದು ವಿಚಾರಣೆಗೆ ಹೆದರುವ ವಕೀಲರಿಂದಲೂ ಪ್ರಯೋಜನವಿಲ್ಲ. ಇವರು ಬೇಕಾದರೆ ಜ್ಯೂರಿ ಮುಂದೆ ನಿಲ್ಲಬಲ್ಲರು ಎಂದು ಪ್ರಾಸಿಕ್ಯೂಟರ್‌ಗೆ ಗೊತ್ತಿದ್ದರೇ ಒಪ್ಪಂದದ ಮಾತಿಗೆ ತೂಕ.

ಹೆಸರುಗಳನ್ನು ಎಲ್ಲಿಂದ ತರುವುದು? ಅಮೆರಿಕದ ವಕೀಲರ ಜಾಹೀರಾತು, ನಕ್ಷತ್ರದ ಅಂಕ, ‘ಟಾಪ್ ಲಾಯರ್’ ಫಲಕಗಳನ್ನು ನಾನಂತೂ ನಂಬುವುದಿಲ್ಲ. ಕೆಲವನ್ನು ದುಡ್ಡು ಕೊಟ್ಟು ಪಡೆಯಬಹುದು. ಅದಕ್ಕಿಂತ ಒಳ್ಳೆಯ ದಾರಿ, ನಿಮಗೆ ಗೊತ್ತಿರುವ ಯಾವುದೇ ವಕೀಲರನ್ನು, ಅವರು ವಲಸೆ ವಕೀಲರಾಗಲಿ ತೆರಿಗೆ ವಕೀಲರಾಗಲಿ, ‘ನಿಮ್ಮ ಮನೆಯವರಿಗೇ ಈ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ಕೇಸಾದರೆ ಯಾರಿಗೆ ಫೋನ್ ಮಾಡುತ್ತೀರಿ’ ಎಂದು ಕೇಳುವುದು. ಇಬ್ಬರು ಮೂವರು ಒಂದೇ ಹೆಸರು ಹೇಳಿದರೆ ಅದು ಸುಳಿವು.

ಆಮೇಲೆ ಪರೀಕ್ಷಿಸಬೇಕು. ಫೆಡರಲ್ ಕೋರ್ಟುಗಳ ಬಹುಪಾಲು ಕಡತಗಳು ‘ಪೇಸರ್’ ಎಂಬ ಸರ್ಕಾರಿ ತಾಣದಲ್ಲಿವೆ. ಯಾರು ಬೇಕಾದರೂ ಖಾತೆ ತೆರೆಯಬಹುದು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್; ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಅದೂ ಮಾಫಿ. ವಕೀಲರು ಹಿಂದೆ ನಡೆಸಿದ ಎರಡು ಮೂರು ಕೇಸುಗಳ ಹೆಸರನ್ನು ಅವರಿಂದಲೇ ಕೇಳಿ ಪಡೆದು ಇಲ್ಲಿ ತೆರೆದು ನೋಡಿ. ಅವರು ಸಲ್ಲಿಸಿದ ಅರ್ಜಿಗಳು ಆ ಕೇಸಿಗೆಂದೇ ಬರೆದವೇ, ಎಲ್ಲಿಂದಲೋ ನಕಲು ಹೊಡೆದವೇ ಎಂಬುದು ಕಾನೂನು ಓದದವರಿಗೂ ತಿಳಿಯುತ್ತದೆ. ಶಿಸ್ತು ಕ್ರಮ ಏನಾದರೂ ಆಗಿದೆಯೇ ಎಂಬುದನ್ನು ಆಯಾ ರಾಜ್ಯದ ವಕೀಲರ ನೋಂದಣಿ ತಾಣದಲ್ಲಿ ಉಚಿತವಾಗಿ ನೋಡಬಹುದು.

ಭೇಟಿಯಲ್ಲಿ ಕೇಳಬೇಕಾದವು ಮುಜುಗರದ ಪ್ರಶ್ನೆಗಳೇ. ಈ ಜಿಲ್ಲೆಯಲ್ಲಿ, ಈ ಬಗೆಯ ಆರೋಪದಲ್ಲಿ ಎಷ್ಟು ಕೇಸು ನಡೆಸಿದ್ದೀರಿ? ಕೊನೆಯ ಸಲ ಜ್ಯೂರಿ ಮುಂದೆ ನಿಂತದ್ದು ಯಾವಾಗ? ಇವತ್ತು ನನ್ನ ಜೊತೆ ಮಾತಾಡುತ್ತಿರುವ ನೀವೇ ಕೋರ್ಟಿಗೆ ಬರುತ್ತೀರೋ, ಕಿರಿಯರನ್ನು ಕಳಿಸುತ್ತೀರೋ? ಇದೇ ಪ್ರಕರಣದ ಬೇರೆ ಆರೋಪಿಯನ್ನು ಅಥವಾ ಸಾಕ್ಷಿಯನ್ನು ಪ್ರತಿನಿಧಿಸುತ್ತಿದ್ದೀರಾ? ಈ ಕೊನೆಯದು ಬಹು ಮುಖ್ಯ. ಗಂಡಹೆಂಡತಿ ಇಬ್ಬರ ಮೇಲೂ ತನಿಖೆ ಇದ್ದಾಗ ಖರ್ಚು ಉಳಿಸಲು ಒಬ್ಬರೇ ವಕೀಲರು ಸಾಕೆನ್ನುವುದು ನಮ್ಮ ಮನೆಗಳಲ್ಲಿ ಸಹಜ. ನಾಳೆ ಸರ್ಕಾರ ಒಬ್ಬರಿಗೆ ಮಾತ್ರ ರಿಯಾಯಿತಿ ಕೊಡಲು ಮುಂದಾದರೆ ಆ ವಕೀಲರು ಯಾರ ಪಕ್ಷ ವಹಿಸಬೇಕು? ಇಬ್ಬರಿಗೂ ಬೇರೆ ಬೇರೆ ವಕೀಲರಿರಲಿ.

ಮಾಜಿ ಪ್ರಾಸಿಕ್ಯೂಟರ್ ಎಂಬ ಬಿರುದಿಗೆ ಬೆಲೆಯಿದೆ. ಆಚೆ ಬದಿಯವರು ಹೇಗೆ ಯೋಚಿಸುತ್ತಾರೆಂದು ಅವರಿಗೆ ಗೊತ್ತು. ಆದರೆ ‘ಜಡ್ಜ್ ನನಗೆ ಗೊತ್ತು, ಮಾತಾಡುತ್ತೇನೆ’ ಎಂಬರ್ಥದ ಮಾತು ಬಂದರೆ ಎದ್ದು ಬನ್ನಿ. ಫಲಿತಾಂಶದ ಖಾತರಿ ಕೊಡುವವರಿಂದಲೂ ದೂರವಿರಿ. ಗೆದ್ದರೆ ಮಾತ್ರ ಫೀಸು ಎಂಬ ಒಪ್ಪಂದ ಅಪಘಾತ ಪರಿಹಾರದ ಕೇಸಿಗೆ ಸರಿ. ಕ್ರಿಮಿನಲ್ ಕೇಸಿಗೆ ವಕೀಲರ ನೀತಿಸಂಹಿತೆ ಅದನ್ನು ನಿಷೇಧಿಸಿದೆ.

ಸರ್ಕಾರ ಕೊಡುವ ವಕೀಲರು

‘ಫ್ರೀ ಲಾಯರ್ ಅಂತೆ’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1938ರಲ್ಲೇ ಸುಪ್ರೀಂ ಕೋರ್ಟ್ ಫೆಡರಲ್ ಆರೋಪಿಗೆ ವಕೀಲರನ್ನು ಕೊಡಬೇಕೆಂದಿತು. 1963ರ ಗಿಡಿಯನ್ ತೀರ್ಪು ಆ ಹಕ್ಕನ್ನು ರಾಜ್ಯದ ಕೋರ್ಟುಗಳಿಗೂ ವಿಸ್ತರಿಸಿತು. 1964ರ ಕ್ರಿಮಿನಲ್ ಜಸ್ಟಿಸ್ ಕಾಯಿದೆ ಫೆಡರಲ್ ಕೇಸುಗಳಲ್ಲಿ ಇಂಥ ವಕೀಲರಿಗೆ ಸರ್ಕಾರವೇ ಸಂಭಾವನೆ ಕೊಡುವ ವ್ಯವಸ್ಥೆ ಮಾಡಿತು. ಫೆಡರಲ್ ಪಬ್ಲಿಕ್ ಡಿಫೆಂಡರ್‌ಗಳು ವರ್ಷವಿಡೀ ಇದೇ ಕೋರ್ಟಿನಲ್ಲಿ, ಇದೇ ನ್ಯಾಯಾಧೀಶರ ಮುಂದೆ, ಇದೊಂದೇ ಬಗೆಯ ಕೇಸು ನಡೆಸುವವರು. ಅವರಲ್ಲಿ ಸ್ವಂತ ತನಿಖಾಧಿಕಾರಿಗಳಿರುತ್ತಾರೆ, ತಜ್ಞರಿಗೆ ಕೋರ್ಟಿನ ಹಣ ಸಿಗುತ್ತದೆ. ಅವರಿಗೆ ಹಿತಾಸಕ್ತಿಯ ತೊಡಕಿದ್ದರೆ ಕೋರ್ಟು ಖಾಸಗಿ ವಕೀಲರ ಪಟ್ಟಿಯಿಂದ ಒಬ್ಬರನ್ನು ನೇಮಿಸುತ್ತದೆ. ಇದ್ದ ಚೂರುಪಾರು ಉಳಿತಾಯ ಕರಗಿಸಿ ಅನುಭವವಿಲ್ಲದ ಖಾಸಗಿ ವಕೀಲರನ್ನು ಹಿಡಿಯುವುದಕ್ಕಿಂತ ಇವರು ಎಷ್ಟೋ ಮೇಲು. ಇವರಲ್ಲಿ ನಿಮಗೆ ಬೇಕಾದವರನ್ನೇ ಆರಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ.

ಇಷ್ಟು ಆದಾಯ ಮೀರಿದರೆ ಇಲ್ಲ ಎಂಬ ಗೆರೆಯೂ ಇಲ್ಲ. ಖಾಸಗಿ ವಕೀಲರನ್ನು ನೇಮಿಸಿಕೊಳ್ಳುವಷ್ಟು ಶಕ್ತಿ ಇದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಕೆಲಸ ಹೋದ ಎಂಜಿನಿಯರಿಗೂ ಇದು ಸಿಗಬಹುದು. ಹಣಕಾಸಿನ ವಿವರದ ಪತ್ರವನ್ನು ಪ್ರಮಾಣ ಮಾಡಿ ತುಂಬಬೇಕು. ಅಲ್ಲಿ ಊರಿನ ಸೈಟನ್ನು ಮುಚ್ಚಿಟ್ಟರೆ ಇನ್ನೊಂದು ಆರೋಪಕ್ಕೆ ದಾರಿಯಾಗುತ್ತದೆ.

ಈ ಸೌಲಭ್ಯ ಕ್ರಿಮಿನಲ್ ಕೇಸಿಗೆ ಮಾತ್ರ. ಉದಾಹರಣೆಗೆ, 2019ರ ಜನವರಿಯಲ್ಲಿ ಮಿಷಿಗನ್ನಿನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಪ್ರಕರಣ ಹೊರಬಿತ್ತು. ಅದು ವಲಸೆ ಇಲಾಖೆಯೇ ಬಲೆಯಾಗಿ ನಡೆಸುತ್ತಿದ್ದ ಸುಳ್ಳು ವಿಶ್ವವಿದ್ಯಾಲಯ. ವಿದ್ಯಾರ್ಥಿಗಳನ್ನು ಸೇರಿಸಿದ ಎಂಟು ಮಂದಿಯ ಮೇಲೆ ಫೆಡರಲ್ ಕ್ರಿಮಿನಲ್ ಕೇಸಾಯಿತು. ಬಂಧಿತರಾದ 129 ಭಾರತೀಯ ವಿದ್ಯಾರ್ಥಿಗಳದು ಕ್ರಿಮಿನಲ್ ಅಲ್ಲ, ವಲಸೆ ಕಾನೂನಿನ ಕೇಸು. ವಲಸೆ ಕೋರ್ಟಿನಲ್ಲಿ ಸ್ವಂತ ಖರ್ಚಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಸರ್ಕಾರದ ಖರ್ಚಿನಲ್ಲಿ ಇಲ್ಲ.

ನಾಗರಿಕರಲ್ಲದವರಿಗೆ ಎರಡು ಕೇಸು

ಗ್ರೀನ್ ಕಾರ್ಡ್, ಎಚ್-1ಬಿ, ಎಫ್-1, ಯಾವುದೇ ಇರಲಿ, ಪ್ರತಿ ಆರೋಪದ ಬೆನ್ನಿಗೆ ಗಡೀಪಾರಿನ ಪ್ರಶ್ನೆ ಅಂಟಿಕೊಂಡಿರುತ್ತದೆ. ವಂಚನೆಯ ಅಪರಾಧದಲ್ಲಿ ಸಂತ್ರಸ್ತರಿಗಾದ ನಷ್ಟ 10,000 ಡಾಲರ್ ಮೀರಿದರೆ ವಲಸೆ ಕಾನೂನು ಅದನ್ನು ಅತಿ ಗಂಭೀರ ವರ್ಗಕ್ಕೆ ಸೇರಿಸುತ್ತದೆ. ಜೈಲೇ ಇಲ್ಲದೆ ಪ್ರೊಬೇಷನ್ ಸಿಕ್ಕರೂ ದೇಶ ಬಿಡಬೇಕಾಗಬಹುದು. ಹಾಗಾಗಿ ತಪ್ಪೊಪ್ಪಿಗೆ ಒಪ್ಪಂದದಲ್ಲಿ ಯಾವ ಕಲಂ ಹಾಕುತ್ತಾರೆ, ನಷ್ಟದ ಮೊತ್ತ ಎಷ್ಟೆಂದು ಬರೆಯುತ್ತಾರೆ ಎಂಬುದು ಎಷ್ಟು ತಿಂಗಳು ಜೈಲು ಎಂಬುದಕ್ಕಿಂತ ದೊಡ್ಡದಾಗಬಹುದು.

ದಕ್ಷಿಣ ಕೊರಿಯಾದಿಂದ ಬಾಲಕನಾಗಿ ಬಂದು, ಮೆಂಫಿಸ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಜೇ ಲೀ ಎಂಬವರು ಮಾದಕವಸ್ತುವಿನ ಫೆಡರಲ್ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಗಡೀಪಾರು ಮಾಡುವುದಿಲ್ಲ ಎಂದು ಅವರ ವಕೀಲರು ಭರವಸೆ ಕೊಟ್ಟಿದ್ದರು. ಆ ಅಪರಾಧಕ್ಕೆ ಗಡೀಪಾರು ತಪ್ಪುವಂತೆಯೇ ಇರಲಿಲ್ಲ. ಕೊನೆಗೆ 2017ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ ಅವರ ಪರ ತೀರ್ಪಾಯಿತು. ಗಡೀಪಾರಿನ ಅಪಾಯವನ್ನು ಕ್ರಿಮಿನಲ್ ವಕೀಲರು ಕಕ್ಷಿದಾರರಿಗೆ ತಿಳಿಸಲೇಬೇಕೆಂದು ಅದೇ ಕೋರ್ಟು 2010ರ ಪಡಿಯಾ ತೀರ್ಪಿನಲ್ಲಿ ಹೇಳಿತ್ತು. ಆದರೂ ಕ್ರಿಮಿನಲ್ ವಕೀಲರ ಮಾತೊಂದನ್ನೇ ನಂಬಿ ಸಹಿ ಹಾಕಬೇಡಿ. ಕ್ರಿಮಿನಲ್ ಶಿಕ್ಷೆಯ ವಲಸೆ ಪರಿಣಾಮಗಳನ್ನೇ ನೋಡುವ ವಲಸೆ ವಕೀಲರಿದ್ದಾರೆ. ಒಪ್ಪಂದದ ಕರಡನ್ನು ಸಹಿಗೆ ಮುಂಚೆ ಅವರಿಗೂ ತೋರಿಸುತ್ತೇವೆ ಎಂಬ ಮಾತನ್ನು ಮೊದಲ ಭೇಟಿಯಲ್ಲೇ ಪಡೆಯಿರಿ. ವಲಸೆ ಅಂದರೆ ನನಗೆ ಸಂಬಂಧವಿಲ್ಲ ಎನ್ನುವ ಕ್ರಿಮಿನಲ್ ವಕೀಲರು ಎಷ್ಟೇ ದೊಡ್ಡವರಾದರೂ ಬೇಡ.

ಬಂಧಿತ ವಿದೇಶಿಗೆ ತನ್ನ ದೇಶದ ಕಾನ್ಸುಲೇಟಿಗೆ ತಿಳಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದ ಕೊಟ್ಟಿದೆ. ಭಾರತೀಯರ ವಿಷಯದಲ್ಲಿ ಇದು ತಾನಾಗಿ ಆಗುವುದಿಲ್ಲ, ಬಂಧಿತರು ಕೇಳಬೇಕು. ಕಾನ್ಸುಲೇಟ್ ಭೇಟಿ ಮಾಡಬಹುದು, ಊರಿನವರಿಗೆ ಸುದ್ದಿ ಮುಟ್ಟಿಸಬಹುದು, ವಕೀಲರ ಪಟ್ಟಿ ಕೊಡಬಹುದು. ನಿಮ್ಮ ಪರ ವಾದ ಮಾಡುವುದಿಲ್ಲ.

ಸದ್ದಿಲ್ಲದೆ ಬೆಂಗಳೂರಿನ ವಿಮಾನ ಹತ್ತಿಬಿಟ್ಟರೆ ಮುಗಿಯಿತಲ್ಲ ಎಂದು ಸಲಹೆ ಕೊಡುವ ನೆಂಟರೂ ಇರುತ್ತಾರೆ. ಎರಡು ದೇಶಗಳ ನಡುವೆ 1997ರ ಹಸ್ತಾಂತರ ಒಪ್ಪಂದವಿದೆ. ಮೇಲಾಗಿ ಕೋರ್ಟಿನಿಂದ ತಲೆ ತಪ್ಪಿಸಿಕೊಂಡವರಿಗೆ ಕಾಲಮಿತಿಯ ರಕ್ಷಣೆಯೂ ಸಿಗುವುದಿಲ್ಲ.

ದುಡ್ಡಿನ ಮಾತು, ಊರಿನವರ ಪಾಲು

ಫೀಸು ಮೂರು ಬಗೆ: ಗಂಟೆಗಿಷ್ಟು, ಇಡೀ ಕೇಸಿಗಿಷ್ಟು, ಅಥವಾ ಹಂತಕ್ಕಿಷ್ಟು. ಸಾಮಾನ್ಯರಿಗೆ ಮೂರನೆಯದೇ ಅನುಕೂಲ. ಆರೋಪಪಟ್ಟಿವರೆಗೆ ಒಂದು ಮೊತ್ತ, ಅಲ್ಲಿಂದ ತಪ್ಪೊಪ್ಪಿಗೆ ಅಥವಾ ವಿಚಾರಣೆಯವರೆಗೆ ಇನ್ನೊಂದು, ವಿಚಾರಣೆಗೆ ಬೇರೆ. ಲೆಕ್ಕ ತಜ್ಞರು, ಕಂಪ್ಯೂಟರ್ ತಜ್ಞರು, ಖಾಸಗಿ ತನಿಖೆಗಾರರ ಖರ್ಚು ಫೀಸಿನೊಳಗೆ ಸೇರಿದೆಯೇ ಎಂದು ಕೇಳದೇ ಸಹಿ ಮಾಡಬೇಡಿ. ಹಣಕಾಸಿನ ಕೇಸುಗಳಲ್ಲಿ ವಕೀಲರ ಫೀಸಿಗೆ ಸಮನಾಗಿ ಈ ಖರ್ಚು ಬರುವುದುಂಟು. ಮೊದಲೇ ಕಟ್ಟಿದ ಹಣ ಉಳಿದರೆ ವಾಪಸು ಬರುತ್ತದೆಯೇ ಎಂಬುದೂ ಲಿಖಿತವಾಗಿರಲಿ.

ಅಪರಾಧದಿಂದ ಬಂದದ್ದೆಂದು ಸರ್ಕಾರ ಹೇಳುವ ಹಣದಿಂದ ವಕೀಲರಿಗೆ ಕೊಟ್ಟರೆ ಅದನ್ನು ಸರ್ಕಾರ ಅವರಿಂದಲೂ ವಸೂಲು ಮಾಡಬಹುದು. ಆದರೆ ಆರೋಪಕ್ಕೆ ಸಂಬಂಧವೇ ಇಲ್ಲದ ಶುದ್ಧ ಹಣವನ್ನು, ವಕೀಲರಿಗೆ ಕೊಡಲು ಬೇಕಾದಾಗ, ವಿಚಾರಣೆಗೆ ಮುಂಚೆ ತಡೆಹಿಡಿಯುವಂತಿಲ್ಲ ಎಂದು 2016ರ ತೀರ್ಪೊಂದು ಹೇಳಿದೆ. 10,000 ಡಾಲರ್ ಮೀರಿದ ನಗದು ಪಡೆದರೆ ವಕೀಲರು ತೆರಿಗೆ ಇಲಾಖೆಗೆ ವರದಿ ಮಾಡಬೇಕು. ಅದನ್ನು ತಪ್ಪಿಸಲು ಒಂಬತ್ತು ಒಂಬತ್ತು ಸಾವಿರವಾಗಿ ಒಡೆದು ಕೊಡುವುದೇ ಒಂದು ಅಪರಾಧ.

ಅಪ್ಪ ಜಮೀನು ಮಾರಿ, ಮಾವ ಎಫ್‌ಡಿ ಮುರಿದು ಕಳಿಸುವ ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಹವಾಲಾ ದಾರಿ ಹಿಡಿದರೆ ಮಗನ ಕೇಸಿಗೆ ಅಪ್ಪನ ಕೇಸೂ ಸೇರಿಕೊಳ್ಳುತ್ತದೆ.

ಹಣ ಕೊಡುವವರು ಅಪ್ಪನಾದರೂ ಕಕ್ಷಿದಾರ ಮಗನೇ. ಅವನ ಒಪ್ಪಿಗೆಯಿಲ್ಲದೆ ವಕೀಲರು ಒಂದು ಮಾತನ್ನೂ ಹೇಳುವಂತಿಲ್ಲ, ಅಪ್ಪ ಹೇಳಿದಂತೆ ಕೇಸು ನಡೆಸುವಂತೆಯೂ ಇಲ್ಲ. ಇದನ್ನು ಅಹಂಕಾರವೆಂದು ತಿಳಿಯಬಾರದು. ವಕೀಲರ ಜೊತೆಗಿನ ಮಾತಿಗೆ ಇರುವ ಗೋಪ್ಯತೆ, ಅಲ್ಲಿ ಮೂರನೆಯವರು ಕೂತರೆ ಕಳಚಿಹೋಗಬಹುದು. ಭಾವನೋ ಅತ್ತಿಗೆಯೋ ಧೈರ್ಯಕ್ಕೆಂದು ಜೊತೆಗೆ ಹೋಗುತ್ತಾರೆ. ನಾಳೆ ಅವರನ್ನೇ ಸಾಕ್ಷಿಯಾಗಿ ಕರೆಸಬಹುದು. ಅವರು ಹೊರಗೆ ಕಾಯಲಿ. ಜೈಲಿನ ಫೋನುಗಳು ರೆಕಾರ್ಡ್ ಆಗುತ್ತವೆ, ಕನ್ನಡದಲ್ಲಿ ಮಾತಾಡಿದರೆ ತಿಳಿಯುವುದಿಲ್ಲವೆಂಬ ಧೈರ್ಯ ಬೇಡ. ಅನುವಾದಕರು ಸಿಗುತ್ತಾರೆ.

ಹಾಗಾದರೆ ಮನೆಯವರು ಮಾಡಬಹುದಾದ್ದು ಏನು? ಬೇಕಾದಷ್ಟಿದೆ, ಮುಖ್ಯವಾಗಿ ಜಾಮೀನಿಗೆ. ಬಂಧನದ ನಂತರ ಮೊದಲ ಹಾಜರಿಯಲ್ಲಿ ಸರ್ಕಾರ ಮೂರು ದಿನದವರೆಗೆ ಕಾಲಾವಕಾಶ ಕೇಳಬಹುದು, ಆಮೇಲೆ ಬಿಡಬೇಕೇ ಇಡಬೇಕೇ ಎಂಬ ವಾದ. ಭಾರತದ ಪಾಸ್‌ಪೋರ್ಟ್ ಇರುವವರು ಓಡಿಹೋಗುತ್ತಾರೆ ಎಂದು ಸರ್ಕಾರ ಹೇಳಿಯೇ ಹೇಳುತ್ತದೆ. ಜೊತೆಗೆ ಸಹಿ ಹಾಕಿ ಹೊಣೆ ಹೊರುವ ಇಬ್ಬರು ಮೂವರು, ಇರಲು ಮನೆಯ ವಿಳಾಸ, ಒಪ್ಪಿಸಲು ಪಾಸ್‌ಪೋರ್ಟ್, ಇವನ್ನು ಆ ಮೂರು ದಿನದಲ್ಲಿ ಒದಗಿಸಿಕೊಟ್ಟರೆ ವಕೀಲರ ಕೈಗೆ ಬಲ ಬರುತ್ತದೆ. ಒಂದು ಎಚ್ಚರಿಕೆ: ವಲಸೆ ಇಲಾಖೆ ತಡೆ ನೋಟಿಸು ಹಾಕಿದ್ದರೆ ಇಲ್ಲಿ ಜಾಮೀನು ಸಿಕ್ಕ ಕೂಡಲೇ ಅವರು ಹಿಡಿದಿಟ್ಟುಕೊಳ್ಳಬಹುದು. ಅದಕ್ಕೇ ಜಾಮೀನು ಕೇಳಬೇಕೇ ಎಂಬುದನ್ನೂ ಕ್ರಿಮಿನಲ್ ಮತ್ತು ವಲಸೆ ವಕೀಲರಿಬ್ಬರೂ ಕೂತು ತೀರ್ಮಾನಿಸಬೇಕು.

ಶಿಕ್ಷೆಯ ಲೆಕ್ಕ

ಫೆಡರಲ್ ಶಿಕ್ಷೆಗೆ ಒಂದು ಕೋಷ್ಟಕವಿದೆ. ಒಂದು ಬದಿಗೆ ಅಪರಾಧದ 43 ಮಟ್ಟಗಳು, ಇನ್ನೊಂದು ಬದಿಗೆ ಹಿಂದಿನ ಅಪರಾಧಗಳ 6 ವರ್ಗಗಳು. ಎರಡೂ ಸೇರುವ ಮನೆಯಲ್ಲಿ ಇಷ್ಟರಿಂದ ಇಷ್ಟು ತಿಂಗಳು ಎಂದಿರುತ್ತದೆ. 2005ರಿಂದ ಇದು ನ್ಯಾಯಾಧೀಶರಿಗೆ ಸಲಹೆ ಮಾತ್ರ, ಆಜ್ಞೆಯಲ್ಲ. ಸಲಹಾ ಸಂಸ್ಥೆ ಮೆಕಿನ್ಸಿಯ ಮುಖ್ಯಸ್ಥರಾಗಿದ್ದ, ಕೋಲ್ಕತ್ತದಲ್ಲಿ ಹುಟ್ಟಿದ ರಜತ್ ಗುಪ್ತಾ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಆಡಳಿತ ಮಂಡಳಿಯ ಒಳಸುದ್ದಿ ಹೊರಗೆ ಕೊಟ್ಟ ಕೇಸಿನಲ್ಲಿ 2012ರಲ್ಲಿ ಸೋತರು. ಕೋಷ್ಟಕದ ಲೆಕ್ಕ 78ರಿಂದ 97 ತಿಂಗಳು ಎಂದು ನ್ಯಾಯಾಧೀಶ ಜೆಡ್ ರೇಕಾಫ್ ಕಂಡುಕೊಂಡರು. ಕೊಟ್ಟದ್ದು 24 ತಿಂಗಳು ಮತ್ತು 50 ಲಕ್ಷ ಡಾಲರ್ ದಂಡ. ವಿಚಾರಣೆಯಲ್ಲಿ ಸೋತ ಮೇಲೂ ವಕೀಲರಿಗೆ ಇಷ್ಟು ದೊಡ್ಡ ಕೆಲಸ ಉಳಿದಿರುತ್ತದೆ: ಆರೋಪಿಯ ಬದುಕನ್ನು, ಸೇವೆಯನ್ನು, ಕಾಯಿಲೆಯನ್ನು, ಅವಲಂಬಿತರನ್ನು ನ್ಯಾಯಾಧೀಶರ ಮುಂದೆ ನಂಬುವಂತೆ ಇಡುವುದು. ಗುಪ್ತಾ ಪರವಾಗಿ ಪತ್ರ ಬರೆದವರಲ್ಲಿ ಬಿಲ್ ಗೇಟ್ಸ್, ಕೋಫಿ ಅನ್ನಾನ್ ಇದ್ದರು. ನಿಮ್ಮ ಪರ ಶಾಲೆಯ ಮೇಷ್ಟ್ರು, ಪಕ್ಕದ ಮನೆಯವರು ಬರೆದ ಪತ್ರವೂ ಎಣಿಕೆಗೆ ಬರುತ್ತದೆ. ಪತ್ರಗಳು ನೇರವಾಗಿ ಕೋರ್ಟಿಗೆ ಹೋಗಬಾರದು, ವಕೀಲರ ಮೂಲಕವೇ ಹೋಗಬೇಕು.

1987ರ ನವೆಂಬರ್ ನಂತರದ ಫೆಡರಲ್ ಅಪರಾಧಗಳಿಗೆ ಪರೋಲ್ ಇಲ್ಲ. ಸನ್ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗುತ್ತದೆ. ಇನ್ನಷ್ಟು ಕಡಿತ ಕೊಡುವ 2018ರ ಕಾಯಿದೆಯ ಲಾಭ ಗಡೀಪಾರಿನ ಅಂತಿಮ ಆದೇಶ ಇರುವವರಿಗೆ ಅನ್ವಯವಾಗುವುದಿಲ್ಲ. ಆದ್ದರಿಂದ ವಕೀಲರನ್ನು ಆರಿಸುವ ದಿನವೇ ‘ನನ್ನ ಕೋಷ್ಟಕದ ಲೆಕ್ಕ ಎಷ್ಟಾಗಬಹುದು, ಯಾವ ಅಂಶ ಅದನ್ನು ಏರಿಸುತ್ತದೆ, ಯಾವುದು ಇಳಿಸುತ್ತದೆ’ ಎಂದು ಕೇಳಿ. ಖಚಿತ ಉತ್ತರ ಅಂದೇ ಸಿಗದು. ಆದರೆ ಕಾಗದ ತೆಗೆದು ಗೀಚಿ ವಿವರಿಸುವವರಿಗೂ, ‘ಅದೆಲ್ಲ ಆಮೇಲೆ ನೋಡೋಣ’ ಎನ್ನುವವರಿಗೂ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ನಡುವೆ ವಕೀಲರ ಮೇಲೆ ನಂಬಿಕೆ ಹೋದರೆ ಬದಲಾಯಿಸಬಹುದು, ಆದರೆ ನ್ಯಾಯಾಧೀಶರ ಅನುಮತಿ ಬೇಕು. ವಿಚಾರಣೆಯ ಹೊಸ್ತಿಲಲ್ಲಿ ಅದು ಸುಲಭವಾಗಿ ಸಿಗದು. ವಾಯಿದೆ ಕೇಳಿದರೆಂಬ ಕಾರಣಕ್ಕೆ ಬದಲಾಯಿಸಲು ಹೊರಡಬೇಡಿ. ಕಾನೂನಿನ ಪ್ರಕಾರ 70 ದಿನದಲ್ಲಿ ವಿಚಾರಣೆ ಶುರುವಾಗಬೇಕು, ಆದರೆ ಲಕ್ಷಗಟ್ಟಲೆ ಕಡತಗಳ ಕೇಸಿನಲ್ಲಿ ಆ ಅವಸರ ಸರ್ಕಾರಕ್ಕೇ ಅನುಕೂಲ. ಮೇಲ್ಮನವಿಗೆ ಮಾತ್ರ ಕಾಯುವಂತಿಲ್ಲ: ತೀರ್ಪು ದಾಖಲಾದ 14 ದಿನದೊಳಗೆ ನೋಟಿಸು ಬೀಳಬೇಕು. ಬಹಳಷ್ಟು ತಪ್ಪೊಪ್ಪಿಗೆ ಒಪ್ಪಂದಗಳಲ್ಲಿ ಮೇಲ್ಮನವಿಯ ಹಕ್ಕು ಬಿಟ್ಟುಕೊಟ್ಟೆ ಎಂಬ ಷರತ್ತು ಸೇರಿರುತ್ತದೆ. ಸಹಿ ಹಾಕುವ ಮುಂಚೆ ಆ ಪ್ಯಾರಾ ಎಲ್ಲಿದೆ ಎಂದು ವಕೀಲರಿಂದ ಬೆರಳಿಟ್ಟು ತೋರಿಸಿಕೊಳ್ಳಿ.